ದಿನಕ್ಕೆ ಒಂದೇ ಗಂಟೆ ಸಿಗುವವರು ಏನು ಆಡುತ್ತೀರಿ?

ಸ್ಲೋಲೋಕಲ್ (ಡೊಂಬಿವ್ಲಿ), ಶನಿವಾರ ರಾತ್ರಿ 11:50

ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನಗೆ 41. ಕೊನೆಗೆ ಮನಸ್ಸಿಟ್ಟು ಆಡಿದ್ದು ಜಿಟಿಎ ಸ್ಯಾನ್ ಆಂಡ್ರಿಯಾಸ್. ಅದೂ ಗೆಳೆಯನ ಮನೆಯ ಕಂಪ್ಯೂಟರಿನಲ್ಲಿ, ಅವನ ಅಮ್ಮ ಬೈಯುವವರೆಗೆ. ಆಮೇಲೆ ಕೆಲಸ, ಮದುವೆ, ಮಗಳು, ಮನೆ ಸಾಲ. ಹೋದ ತಿಂಗಳು ಆಫೀಸಿನ ಒಬ್ಬರು ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ 5 (ಪಿಎಸ್5) ತಗೊಂಡರು, ಅವರ ಹಳೇ ಪಿಎಸ್4 ನನಗೆ ಬಂತು. ಜೊತೆಗೆ ವಿಚರ್ 3 ಡಿಸ್ಕ್ ಕೊಟ್ಟು, ‘ಇದಕ್ಕಿಂತ ಒಳ್ಳೆ ಗೇಮ್ ಇಲ್ಲ’ ಅಂದರು.

ಇರಬಹುದು. ಆದರೆ ನನ್ನ ಕಥೆ ಕೇಳಿ. ಲೋವರ್ ಪರೇಲಿನಿಂದ ಮನೆ ಮುಟ್ಟುವುದು ಎಂಟೂವರೆಗೆ. ಊಟ, ಮಗಳ ಹೋಂವರ್ಕ್. ಹತ್ತರವರೆಗೆ ಟಿವಿ ಅಪ್ಪನದು. ಅವರಿಗೆ 72, ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ 30 ವರ್ಷ ಕೂತವರು, ರಿಮೋಟ್ ಕೂಡ ಗಲ್ಲಾದ ಕೀಲಿಯ ಹಾಗೆ ಹಿಡಿದಿರುತ್ತಾರೆ. ಹತ್ತೂವರೆಯಿಂದ ಹನ್ನೊಂದೂವರೆ ನನ್ನದು. ಎರಡು ವಾರ ಆಯಿತು, ವಿಚರ್‌ನ ಮೊದಲ ಊರು ವೈಟ್ ಆರ್ಚರ್ಡ್ ದಾಟಿಲ್ಲ. ಎರಡು ದಿನ ಬಿಟ್ಟು ಕೂತರೆ ಯಾವ ಬಟನ್ ಯಾತಕ್ಕೆ, ಯಾವ ಅಜ್ಜಿಯ ಬಾಣಲೆ ಹುಡುಕಲು ಒಪ್ಪಿಕೊಂಡಿದ್ದೆ, ಒಂದೂ ನೆನಪಿರುವುದಿಲ್ಲ.

ಪಿಎಸ್4 ಬಿಟ್ಟರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಒಂದು ಲ್ಯಾಪ್‌ಟಾಪ್ ಇದೆ. ಲೋಕಲ್‌ನಲ್ಲಿ ಫೋನ್ ಇದೆ. ನೀವೆಲ್ಲ ಏನು ಆಡುತ್ತಿದ್ದೀರಿ? ಬರೀ ಹೆಸರು ಬರೆದು ಓಡಬೇಡಿ, ಯಾಕೆ ಅಂತಲೂ ಹೇಳಿ.

ಹುಬ್ಬಳ್ಳಿಹೈದ (ಪುಣೆ, ಕೋಥ್ರೂಡ್)

ಎಲ್ಡನ್ ರಿಂಗ್. ಮಾತೇ ಇಲ್ರೀ. 2022ರಲ್ಲಿ ಬಂದಾಗಿನಿಂದ ಮೂರು ಸಲ ಮುಗಿಸಿದ್ದೇನೆ. ಪಿಎಸ್4ನಲ್ಲೂ ನಡೆಯುತ್ತದೆ. ಮೊದಲ ದೊಡ್ಡ ಶತ್ರು (ಬಾಸ್) ಮಾರ್ಗಿಟ್ ಹತ್ತಿರ ಮೂವತ್ತು ಸಲ ಸಾಯುತ್ತೀರಿ, ಮೂವತ್ತೊಂದನೇ ಸಲ ಗೆದ್ದಾಗ ಮಿಸಳ್ ತಿಂದಷ್ಟು ಬೆವರು ಬಂದಿರುತ್ತದೆ.

ನಾಲ್ಕನೇಸೀಟು (ಠಾಣೆ)

ಹುಬ್ಬಳ್ಳಿಹೈದ, ಅವರಿಗೆ ಸಿಗುವುದು ಒಂದು ಗಂಟೆ. ಅದರಲ್ಲಿ ಮೂವತ್ತು ಸಲ ಸಾಯಿರಿ ಅಂತೀರಲ್ಲ, ಪಾಪ. ಅದೂ ಅಲ್ಲದೆ ಎಲ್ಡನ್ ರಿಂಗ್‌ನಲ್ಲಿ ಆಟವನ್ನು ನಡುವೆ ನಿಲ್ಲಿಸುವ ಪಾಸ್ ಬಟನ್ನೇ ಇಲ್ಲ. ಮನೆಯಲ್ಲಿ ಮಗು, ವಯಸ್ಸಾದ ತಂದೆ ಇರುವವರಿಗೆ ಪಾಸ್ ಇಲ್ಲದ ಗೇಮ್ ಹೇಳಬಾರದು. ಗ್ರಾಫಿಕ್ಸ್, ಕಥೆ, ಓಪನ್ ವರ್ಲ್ಡ್ ಎಲ್ಲ ಆಮೇಲೆ. ನಾನು ಯಾವುದೇ ಗೇಮ್ ಬಗ್ಗೆ ಮೊದಲು ಕೇಳುವ ಪ್ರಶ್ನೆ, ಕುಕ್ಕರ್ ಕೂಗಿದರೆ ಎದ್ದು ಹೋಗಬಹುದಾ?

ಸ್ಲೋಲೋಕಲ್ ಅವರೇ, ಟ್ರೈನಿಗೆ ಬಲಾಟ್ರೊ ಹಾಕಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಕಂಪ್ಯೂಟರಿಗೆ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಫೋನಿಗೂ ಬಂತು. ಒಬ್ಬನೇ ಕೂತು ಮಾಡಿದ ಗೇಮ್. ಇಸ್ಪೀಟಿನ ಎಲೆಗಳಲ್ಲಿ ಜೋಡಿ, ಫ್ಲಶ್ ಕೂಡಿಸುತ್ತೀರಿ. ಎಡಗಡೆ ಒಂದು ನೀಲಿ ಸಂಖ್ಯೆ, ಪಕ್ಕದಲ್ಲಿ ಒಂದು ಕೆಂಪು ಸಂಖ್ಯೆ. ಎರಡರ ಗುಣಾಕಾರ ನಿಮ್ಮ ಅಂಕ. ನಡುನಡುವೆ ಜೋಕರ್‌ಗಳನ್ನು ಕೊಳ್ಳಬಹುದು, ಒಟ್ಟು 150 ಇವೆ, ಒಂದೊಂದೂ ಒಂದೊಂದು ನಿಯಮ ಮುರಿಯುತ್ತದೆ. ನಿನ್ನೆ ಘಾಟ್ಕೋಪರ್‌ನಲ್ಲಿ ನನಗೆ ಸಿಕ್ಕಿದ ಜೋಕರ್‌ಗಳು ಹೇಗೆ ಕೂಡಿಬಂದವೆಂದರೆ, ಬರೀ ಒಂದು ಜೋಡಿ ಇಟ್ಟೆ, ಅಂಕ ಲಕ್ಷ ದಾಟಿ ಪರದೆಗೆ ಬೆಂಕಿ ಹತ್ತಿತು. ಪಕ್ಕದಲ್ಲಿದ್ದ ಮೌಶಿ ಬಗ್ಗಿ ನೋಡಿ ‘ಜಿಂಕ್ಲೀಸ್ ಕಾ?’ (ಗೆದ್ದೆಯಾ?) ಅಂತ ಕೇಳಿದರು.

ನೆಟ್‌ವರ್ಕ್ ಬೇಡ. ಸ್ಟೇಷನ್ ಬಂದರೆ ಫೋನ್ ಜೇಬಿಗೆ, ಸಂಜೆ ಅಲ್ಲಿಂದಲೇ ಮುಂದುವರಿಯುತ್ತದೆ. ನಾಲ್ಕನೇ ಸೀಟಿನಲ್ಲಿ ಅರ್ಧ ಕೂತು ಅರ್ಧ ನೇತಾಡುತ್ತಾ ಒಂದೇ ಕೈಯಲ್ಲಿ ಆಡಬಹುದು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನ್ನ ಹತ್ತಿರ ಇಲ್ಲ.

ಸ್ಲೋಲೋಕಲ್

ಇಸ್ಪೀಟಾ? ಅಪ್ಪನ ಕಣ್ಣಿಗೆ ಬಿದ್ದರೆ ಮುಗಿಯಿತು. ಹೋಟೆಲಿನ ಹುಡುಗರ ಸಂಬಳ ಅಂದರ್ ಬಾಹರ್‌ನಲ್ಲಿ ಹೋಗುವುದನ್ನು ನೋಡಿ ನೋಡಿ ಎಲೆ ಕಂಡರೇ ಉರಿದು ಬೀಳುತ್ತಾರೆ. ಅಲ್ಲದೆ ಈಗ ಕಾನೂನು ಬೇರೆ ಬಂದಿದೆ ಅಲ್ವಾ?

ನಾಲ್ಕನೇಸೀಟು

2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ಪಾಸ್ ಮಾಡಿದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ. ಬಲಾಟ್ರೊದಲ್ಲಿ ಒಂದು ಸಲ ಗೇಮ್ ಕೊಂಡರೆ ಮುಗೀತು, ಆಮೇಲೆ ಒಂದು ಪೈಸೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಯುರೋಪಿನಲ್ಲೂ ಮೊದಲು ಜೂಜು ಅಂದುಕೊಂಡು 18 ವರ್ಷದ ಮೇಲಿನವರಿಗೆ ಅಂತ ಮುದ್ರೆ ಒತ್ತಿದ್ದರು, ಆಮೇಲೆ 12ಕ್ಕೆ ಇಳಿಸಿದರು. ನಿಮ್ಮ ತಂದೆಯವರಿಗೆ ಲೆಕ್ಕದ ಆಟ ಅಂತ ಹೇಳಿ. ಗಲ್ಲಾದಲ್ಲಿ ಕೂತವರು, ಗುಣಾಕಾರ ಅವರಿಗೇ ಮೊದಲು ಹೊಳೆಯುತ್ತದೆ ನೋಡಿ.

ಹುಬ್ಬಳ್ಳಿಹೈದ

ಎಲ್ಡನ್ ರಿಂಗ್‌ನಲ್ಲಿ ಪಾಸ್ ಇದೆ ರೀ! ಮೆನು ತೆಗೆದು, ಇನ್ವೆಂಟರಿಗೆ ಹೋಗಿ, ಹೆಲ್ಪ್ ಒತ್ತಿ, ‘ಮೆನು ಎಕ್ಸ್‌ಪ್ಲನೇಷನ್’ ಆರಿಸಿದರೆ ಆಟ ನಿಲ್ಲುತ್ತದೆ.

ನಾಲ್ಕನೇಸೀಟು

ಅಷ್ಟು ಹೊತ್ತಿಗೆ ಹಾಲು ಉಕ್ಕಿರುತ್ತದೆ.

ಎಂಟುಬಿಟ್ಟು (ಪಿಂಪ್ರಿ)

ಲ್ಯಾಪ್‌ಟಾಪ್ ಬಗ್ಗೆ ನಾನು ಹೇಳುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂತ ಕೊರಗಬೇಡಿ. ನನ್ನದೂ ಆಫೀಸಿನವರು ಹರಾಜು ಹಾಕಿದ ಹಳೇ ಯಂತ್ರ. ಅದರಲ್ಲೇ ಹಾಲೊ ನೈಟ್, ಸೆಲೆಸ್ಟ್, ಪೇಪರ್ಸ್ ಪ್ಲೀಸ್, ಇಂಟು ದ ಬ್ರೀಚ್ ಎಲ್ಲ ಆರಾಮಾಗಿ ಓಡಿವೆ.

ನಿಮಗೆ ಇವುಗಳಲ್ಲಿ ಮೊದಲು ಹೇಳುವುದು ಇಂಟು ದ ಬ್ರೀಚ್. ಎಂಟು ಮನೆ ಉದ್ದ, ಎಂಟು ಮನೆ ಅಗಲದ ಚಿಕ್ಕ ಪಟ. ಚದುರಂಗದ ಹಾಗೆ ಸರದಿ ಪ್ರಕಾರ ನಡೆ. ಶತ್ರು ಮುಂದೆ ಏನು ಮಾಡುತ್ತಾನೆ ಅಂತ ಮೊದಲೇ ತೋರಿಸಿಬಿಡುತ್ತದೆ. ಸೋತರೆ ‘ಅಯ್ಯೋ ನೋಡಲೇ ಇಲ್ಲ’ ಅನ್ನೋಕೆ ಆಗಲ್ಲ, ತಪ್ಪು ನಮ್ಮದೇ. ಒಂದು ಕಾಳಗ ಹತ್ತು ನಿಮಿಷ. ನಡುವೆ ಎದ್ದು ಹೋಗಿ ಟೀ ಮಾಡಿಕೊಂಡು ಬಂದರೂ ಶತ್ರು ಅಲ್ಲೇ ನಿಂತಿರುತ್ತಾನೆ.

ಇನ್ನು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಅಂತ ಒಬ್ಬರೇ ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲ ಮಾಡಿ 2016ರಲ್ಲಿ ಬಿಟ್ಟರು. ಅಜ್ಜ ಬಿಟ್ಟುಹೋದ ಹಾಳು ಹೊಲ, ನಗರದ ಕೆಲಸ ಬಿಟ್ಟು ಹೋಗುವ ಮೊಮ್ಮಗ. ನಮ್ಮ ಕಂಪನಿಯಲ್ಲಿ ಅರ್ಧ ಜನರ ಕನಸು ಅದೇ, ಬಿಡಿ. ಆಟದ ಒಂದು ದಿನ ಅಂದರೆ ನಮ್ಮ ಹದಿನಾಲ್ಕು ನಿಮಿಷಕ್ಕೆ ಸ್ವಲ್ಪ ಜಾಸ್ತಿ. ನಿಮ್ಮ ಒಂದು ಗಂಟೆಯಲ್ಲಿ ನಾಲ್ಕು ದಿನ ಬೇಸಾಯ. ಒಂದೇ ಎಚ್ಚರಿಕೆ, ಕಂಪ್ಯೂಟರಿನಲ್ಲಿ ರಾತ್ರಿ ಮಲಗಿದರೆ ಮಾತ್ರ ಸೇವ್ ಆಗುತ್ತದೆ. ಮಲಗಿ ಎದ್ದ ತಕ್ಷಣ ಬೆಳೆ ಕೈಗೆ ಬಂದಿರುತ್ತದೆ, ‘ಇನ್ನೊಂದೇ ದಿನ’ ಅನಿಸುತ್ತದೆ. ನಾನು ಹೀಗೆ ಒಂದು ಭಾನುವಾರ ಬೆಳಗ್ಗೆ ಕೂತವನು ತಲೆ ಎತ್ತಿದಾಗ ಕೆಳಗಡೆ ಸೊಸೈಟಿಯಲ್ಲಿ ಸಂಜೆ ಆರತಿ ನಡೆಯುತ್ತಿತ್ತು.

ಬ್ಯಾಡಗಿಖಾರ (ಪುಣೆ, ಹಡಪಸರ್)

ಸ್ಟಾರ್‌ಡ್ಯೂ ನಾನೂ ಆಡಿದ್ದೇನೆ, ಇಷ್ಟವೂ ಆಯಿತು. ಆದರೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮೆಣಸಿನಕಾಯಿ ಬೆಳೆಯುತ್ತಾರೆ. ಇಲ್ಲಿ ನೋಡಿದರೆ ಬೀಜ ಹಾಕಿದ ಐದೇ ದಿನಕ್ಕೆ ಕಾಯಿ! ಆಮೇಲೆ ಮೂರು ದಿನಕ್ಕೊಮ್ಮೆ ಮತ್ತೆ ಕಾಯಿ! ಹುಳ ಇಲ್ಲ, ಮುದುಡು ರೋಗ ಇಲ್ಲ, ದಲಾಲಿ ಇಲ್ಲ. ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಗ್ಗೆ ದುಡ್ಡು. ನಮ್ಮಪ್ಪನಿಗೆ ತೋರಿಸಿದೆ. ‘ಈ ಊರು ಎಲ್ಲಿ ಬರ್ತದ, ಕೇಳಿ ಹೇಳು’ ಅಂದರು.

ವಾಸ್ಕೊಮಳೆ (ಗೋವಾ)

ಝುವಾರಿ ನಗರದಿಂದ ನಮಸ್ಕಾರ. ಮೂಲ ವಿಜಯಪುರ. ನಮ್ಮದು ಬಿಜಿಎಂಐ (ಫೋನಿನಲ್ಲಿ ಗುಂಪಾಗಿ ಆಡುವ ಗುಂಡಿನ ಆಟ) ಗುಂಪು, ನಾಲ್ಕು ಜನ. ಇಬ್ಬರು ಇಲ್ಲಿ, ಒಬ್ಬ ಊರಲ್ಲಿ, ಒಬ್ಬ ಪುಣೆಯಲ್ಲಿ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ಬಂದ್ ಆಯಿತು, 2021ರ ಜುಲೈನಲ್ಲಿ ಬಿಜಿಎಂಐ ಅಂತ ಬಂತು, 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ನಾವು ಮಾತ್ರ ಎಲ್ಲೂ ಹೋಗಲಿಲ್ಲ.

ಆದರೆ ಸ್ಲೋಲೋಕಲ್ ಅಣ್ಣನಿಗೆ ಇದನ್ನು ಹೇಳಲ್ಲ. ನಾಲ್ಕನೇಸೀಟು ಅಕ್ಕ ಹೇಳಿದ್ದು ಸರಿ. ಎರಂಗೆಲ್ ಅನ್ನೋ ಮ್ಯಾಪಿನಲ್ಲಿ ನೂರು ಜನ, ಅರ್ಧ ಗಂಟೆ, ನಡುವೆ ಎದ್ದರೆ ಉಳಿದ ಮೂವರ ಬೈಗುಳ. ನಾವು ಆಡುವುದು ಗೆಲ್ಲೋಕಲ್ಲ. ದಿನಪೂರ್ತಿ ಶಿಪ್‌ಯಾರ್ಡಿನಲ್ಲಿ ಹಿಂದಿ, ಕೊಂಕಣಿ ಮಾತಾಡಿ, ರಾತ್ರಿ ಹೆಡ್‌ಫೋನಿನಲ್ಲಿ ‘ಎಡಕ್ ನೋಡಲೇ, ಗಿಡದ ಹಿಂದ್ ಅದಾನ’ ಅಂತ ಒದರಿದರೆ ಸಮಾಧಾನ. ಪ್ಯಾರಾಶೂಟಿನಿಂದ ಇಳಿದ ಮೇಲೆ ಊರಿನ ಜಾತ್ರೆ ಸುದ್ದಿ ಶುರುವಾಗುತ್ತದೆ, ಸತ್ತ ಮೇಲೂ ಮುಗಿದಿರುವುದಿಲ್ಲ.

ಬೇಲೂರವಳು (ಪುಣೆ, ಔಂಧ್)

ಇಷ್ಟು ಹೊತ್ತಾದರೂ ಯಾರೂ ಈ ಹೆಸರು ಹೇಳಲಿಲ್ಲವಲ್ಲ! ಪಿಎಸ್4 ಇರುವ ಕನ್ನಡದವರು ಮೊದಲು ಆಡಬೇಕಾದದ್ದು ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ. 2017ರಲ್ಲಿ ನಾಟಿ ಡಾಗ್ ಮಾಡಿದ್ದು. ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹುಡುಕುವುದು ಹೊಯ್ಸಳರ ಕಾಲದ ಗಣೇಶನ ದಂತ. ಕ್ಲೋಯಿ, ನದೀನ್ ಅಂತ ಇಬ್ಬರು ಹೆಂಗಸರು. ಮೊದಲ ಸಲ ಆ ಅಮೆರಿಕದ ಗೇಮಿನಲ್ಲಿ ‘ಹಳೇಬೀಡು’ ಅಂತ ಕಿವಿಗೆ ಬಿದ್ದಾಗ ಕಂಟ್ರೋಲರ್ ಕೆಳಗಿಟ್ಟು ಅಮ್ಮನಿಗೆ ಫೋನ್ ಮಾಡಿದ್ದೆ.

ಈಗ ತಕರಾರು. ನಾನು ಬೇಲೂರಿನಲ್ಲೇ ಬೆಳೆದವಳು. ಶಾಲೆಯಿಂದ ಬರುತ್ತಾ ದೇವಸ್ಥಾನದ ಜಗತಿಯ ಮೇಲೆ ಕೂತು ಪೇರಳೆ ಹಣ್ಣು ತಿಂದವಳು. 1117ರ ಚೆನ್ನಕೇಶವ ದೇವಸ್ಥಾನ ಎತ್ತರದಿಂದ ಹೆದರಿಸುವುದಿಲ್ಲ. ಹತ್ತಿರ ಹೋಗಬೇಕು, ಬಗ್ಗಬೇಕು. ಬಳಪದ ಕಲ್ಲು, ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಅದಕ್ಕೇ ಶಿಲಾಬಾಲಿಕೆಯರ ಬಳೆಯೂ ಕೆತ್ತೋಕೆ ಆಯಿತು. ಗೇಮಿನಲ್ಲಿ ಬೆಟ್ಟದಷ್ಟು ಎತ್ತರದ ಗಣೇಶ, ಶಿವ. ಹೊಯ್ಸಳರ ಜಾಣತನ ಇದ್ದದ್ದೇ ಚಿಕ್ಕದರಲ್ಲಿ. ಈ ಗೇಮು ಅದನ್ನೇ ದೊಡ್ಡದು ಮಾಡಿ ಕೆಡಿಸಿದೆ ಅಂತ ನನ್ನ ವಾದ.

ಆದರೂ ಆಡಿ. ನಾಲ್ಕನೇ ಅಧ್ಯಾಯದ ಹೆಸರೇ ‘ವೆಸ್ಟರ್ನ್ ಘಾಟ್ಸ್’. ಜೀಪ್ ಕೊಟ್ಟು ಬಿಟ್ಟುಬಿಡುತ್ತಾರೆ. ಕೆಂಪು ಮಣ್ಣು, ಜಲಪಾತ, ಕೆಸರಿನಲ್ಲಿ ಜಾರುವ ಚಕ್ರ. ಅಲ್ಲಿ 11 ಹೊಯ್ಸಳ ಟೋಕನ್ ಅಡಗಿಸಿಟ್ಟಿದ್ದಾರೆ. ಎಲ್ಲ ಸಿಕ್ಕರೆ ರಾಣಿಯ ಕೆಂಪಿನ ಬಳೆ. ದಿನಕ್ಕೆ ಒಂದು ಟೋಕನ್ ಹುಡುಕಿದರೂ ಆಟ ಆಡಿದಂತೆಯೇ. ಇಡೀ ಗೇಮ್ ಏಳೆಂಟು ಗಂಟೆ, ಕಥೆ ನೇರ, ಎರಡು ದಿನ ಬಿಟ್ಟು ಬಂದರೂ ಮರೆಯಲ್ಲ. ಗುಂಡು ಹಾರಿಸುವುದು ಕಷ್ಟವಾದರೆ ಎಲ್ಲಕ್ಕಿಂತ ಸುಲಭದ ಹಂತ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಸ್ಲೋಲೋಕಲ್, ಬುಧವಾರ

ಬೇಲೂರವಳು ಅವರ ಮಾತು ಕೇಳಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದೆ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕಿತು. ಮಗಳ ಜೊತೆ ಆಡೋಕೆ ಅಂತ ಎರಡನೇ ಕಂಟ್ರೋಲರೂ ಒಂದು ಅಂಗಡಿಯಲ್ಲಿ ತಗೊಂಡೆ. ‘ಒಂದು ವಾರ ಬಳಸಿದ್ದು ಸಾಬ್’ ಅಂದ. ಮನೆಗೆ ತಂದು ಹಾಕಿದರೆ ಕ್ಲೋಯಿ ತಾನಾಗಿಯೇ ಎಡಕ್ಕೆ ನಡೆಯುತ್ತಾಳೆ. ನಾನು ಮುಟ್ಟಿಯೇ ಇಲ್ಲ! ಜಲಪಾತದ ಅಂಚಿನಲ್ಲಿ ನಿಲ್ಲಿಸಿ ನೀರು ಕುಡಿಯೋಕೆ ಹೋದೆ, ಬಂದು ನೋಡಿದರೆ ಕೆಳಗೆ ಬಿದ್ದು ಸತ್ತಿದ್ದಳು. ವಾಪಸ್ ಹೋಗಿ ಕೇಳಿದರೆ ಅಂಗಡಿಯವನು ‘ಗೇಮ್ ಪ್ರಾಬ್ಲಂ’ ಅಂದ. ಅದೇ ಉಸಿರಿನಲ್ಲಿ ಇನ್ನೊಂದು ಕಂಟ್ರೋಲರ್ ತೋರಿಸಿದ.

ವಾಸ್ಕೊಮಳೆ

ಅಣ್ಣಾ, ಇದು ಡ್ರಿಫ್ಟ್. ಕಂಟ್ರೋಲರಿನ ಕಡ್ಡಿಯ (ಸ್ಟಿಕ್) ಕೆಳಗೆ ಎರಡು ಚಿಕ್ಕ ಪೊಟೆನ್ಶಿಯೋಮೀಟರ್ ಇರುತ್ತವೆ, ಹಳೇ ರೇಡಿಯೋದ ವಾಲ್ಯೂಮ್ ತಿರುಗಣೆ ಥರ. ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಒಂದು ಮುಳ್ಳು ಉಜ್ಜುತ್ತಿರುತ್ತದೆ. ಸವೆದರೆ, ಧೂಳು ಕೂತರೆ, ನಡುವೆ ಬಿಟ್ಟರೂ ಯಂತ್ರಕ್ಕೆ ‘ಸ್ವಲ್ಪ ಎಡಕ್ಕೆ’ ಅಂತಲೇ ಹೇಳುತ್ತದೆ. ಹಳೇ ರೇಡಿಯೋ ಕರಕರ ಅನ್ನುತ್ತಿದ್ದದ್ದೂ ಇದಕ್ಕೇ.

ಮೊದಲು ಆ ಕಂಟ್ರೋಲರನ್ನು ಲ್ಯಾಪ್‌ಟಾಪಿಗೆ ಹಾಕಿ ಸ್ಟೀಮ್ ಅನ್ನೋ ಗೇಮ್ ಅಂಗಡಿಯ ಆ್ಯಪ್‌ನಲ್ಲಿ ನೋಡಿ, ಚುಕ್ಕಿ ನಡುವೆ ನಿಲ್ಲುತ್ತದೋ ಇಲ್ಲವೋ ಕಾಣುತ್ತದೆ. ಅಲ್ಲೇ ಡೆಡ್‌ಜೋನ್, ಅಂದರೆ ಕಡ್ಡಿಯ ಚಿಕ್ಕ ಅಲುಗಾಟ ಲೆಕ್ಕಕ್ಕೆ ಹಿಡಿಯದ ಜಾಗ, ಹೆಚ್ಚಿಸಿದರೆ ಲ್ಯಾಪ್‌ಟಾಪಿಗಾದರೂ ಬಳಸಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಬಿಟ್ಟು ಕಡ್ಡಿಯನ್ನು ಗರಗರ ತಿರುಗಿಸಿದರೆ ಕೆಲವು ವಾರ ಸರಿಹೋಗುತ್ತದೆ. ಪೂರ್ತಿ ವಾಸಿ ಆಗಬೇಕಾದರೆ ಮೊಬೈಲ್ ರಿಪೇರಿಯವರ ಹತ್ತಿರ ಬೆಸುಗೆ ಬಿಡಿಸಿ ಹೊಸ ಕಡ್ಡಿ ಹಾಕಿಸಬೇಕು. ಹಾಕಿಸುವುದಾದರೆ ಹಾಲ್ ಎಫೆಕ್ಟ್ ಕಡ್ಡಿ ಕೇಳಿ. ಅದರಲ್ಲಿ ಆಯಸ್ಕಾಂತ, ಉಜ್ಜುವ ಭಾಗವೇ ಇಲ್ಲ.

ಇಲ್ಲಿ ಸಮುದ್ರದ ಗಾಳಿಗೆ ನನ್ನ ಮೂರು ಕಂಟ್ರೋಲರ್ ಹೋಗಿವೆ. ಈಗ ಮಳೆಗಾಲದಲ್ಲಿ ಅಕ್ಕಿ ಡಬ್ಬದ ಪಕ್ಕ ಸಿಲಿಕಾ ಪುಡಿಕೆ ಹಾಕಿದ ಡಬ್ಬದಲ್ಲಿ ಇಡುತ್ತೇನೆ. ಹೆಂಡತಿ ಎರಡು ಸಲ ಅದನ್ನೇ ಅಕ್ಕಿ ಡಬ್ಬ ಅಂತ ತೆಗೆದಿದ್ದಾಳೆ.

ಕರೆಕ್ಟ್‌ಚೇಂಜ್ (ಮಾಟುಂಗಾ)

ಎಲ್ಲ ಓದಿದೆ ಮಾರಾಯ್ರೆ. ನನಗೆ 52, ನಿಮ್ಮಲ್ಲಿ ಹೆಚ್ಚಿನವರಿಗೆ ಹಿರಿಯ. ಕುಂದಾಪುರದಿಂದ ಬಂದು ಫೋರ್ಟಿನ ಹೋಟೆಲಿಗೆ ಸೇರಿದವ. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ನೈಟ್ ಸ್ಕೂಲ್. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ವಿಡಿಯೊ ಗೇಮ್ ಪಾರ್ಲರ್. ಅಲ್ಲಿ ‘ಮುಸ್ತಫಾ’. ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್‌ನವರದ್ದು, 1993. ಅದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ. ಆಟದಲ್ಲಿ ನಾಲ್ಕು ಜನ ಇದ್ದಾರೆ, ಆದರೆ ಇಡೀ ಬೊಂಬಾಯಿಗೆ ಅದು ಮುಸ್ತಫಾನ ಹೆಸರಿನ ಆಟವೇ. ಟಿಪ್ಸ್ ಸಿಕ್ಕಿದ ಒಂದು ರೂಪಾಯಿ ನಾಣ್ಯ ಸೀದಾ ಆ ತೂತಿಗೆ. ಮಾಸ್ತರರು ಒಂದು ದಿನ ಹಿಂದಿನಿಂದ ಬಂದು ನಿಂತರು. ನಾನು ಹೆದರಿ ಕೈ ಬಿಟ್ಟೆ. ಅವರು, ‘ಕೈ ಬಿಡಬೇಡ, ಸಾಯ್ತೀಯ. ಮುಗಿಸಿ ಬಾ’ ಅಂದರು.

ಸ್ಲೋಲೋಕಲ್ ಅವರೇ, ಮಗಳ ಜೊತೆ ಆಡುವುದಾದರೆ ಓವರ್‌ಕುಕ್ಡ್ ತೆಗೊಳ್ಳಿ, 2016ರದ್ದು, ನಾಲ್ಕು ಜನ ಒಂದೇ ಟಿವಿಯಲ್ಲಿ ಆಡಬಹುದು. ಹೋಟೆಲಿನ ಅಡುಗೆಮನೆ. ಮೇಲಿಂದ ಆರ್ಡರ್ ಬೀಳುತ್ತಾ ಇರುತ್ತದೆ. ಹೆಚ್ಚಬೇಕು, ಬೇಯಿಸಬೇಕು, ಮರೆತರೆ ಬೆಂಕಿ. ನನ್ನ ಅಣ್ಣನ ಮಕ್ಕಳು ಮೂವರೂ ಈರುಳ್ಳಿ ಹೆಚ್ಚಲು ಓಡುತ್ತಿದ್ದರು. ನಾನು ಹೇಳಿದೆ, ಒಬ್ಬ ಪ್ಲೇಟಿನ ಹತ್ತಿರ ನಿಲ್ಲಲಿ. ರಶ್ ಹೊತ್ತಿನಲ್ಲಿ ಹೋಟೆಲ್ ನಿಲ್ಲುವುದು ಇಡ್ಲಿ ಮುಗಿದಲ್ಲ, ತೊಳೆದ ಪ್ಲೇಟ್ ಮುಗಿದು. ಅವತ್ತು ಮೂರು ಸ್ಟಾರ್ ಬಂತು. ನಿಮ್ಮ ತಂದೆಯವರನ್ನೂ ಕೂರಿಸಿ, ಅವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಹುಬ್ಬಳ್ಳಿಹೈದ

ಕರೆಕ್ಟ್‌ಚೇಂಜ್ ಸರ್‌ಗೆ ಸಲಾಂ.

ಇವತ್ತು ಗುರುವಾರ. ಪುಣೆಯವರಿಗೆ ಗೊತ್ತು, ನೀರು ಬಂದ್, ಕರೆಂಟೂ ಹೋದರೆ ಹೋಯಿತು. ಆದರೆ ಎಪಿಕ್ ಸ್ಟೋರಿನಲ್ಲಿ ಹೊಸ ಬಿಟ್ಟಿ ಗೇಮ್ ಬರುವುದೂ ಗುರುವಾರವೇ. ಬೇಸಿಗೆಯಲ್ಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ, ಅಮೆರಿಕದವರು ಗಡಿಯಾರ ತಿರುಗಿಸುತ್ತಾರಲ್ಲ. ಖಾತೆ ತೆರೆದು ಪ್ರತಿ ವಾರ ಒತ್ತಿಟ್ಟುಕೊಳ್ಳಿ. ಆಡದಿದ್ದರೂ ಪರವಾಗಿಲ್ಲ, ನನ್ನ ಹತ್ತಿರ ಇನ್ನೂರರ ಮೇಲಿವೆ, ತೆರೆದದ್ದು ಹನ್ನೆರಡು. ದುಡ್ಡು ಕೊಟ್ಟು ಕೊಳ್ಳುವುದಾದರೆ ಸ್ಟೀಮ್‌ನಲ್ಲಿ ಒಂದು ಅನುಕೂಲ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ನಿಮ್ಮ ಲೆಕ್ಕದಲ್ಲಿ ಎರಡು ರಾತ್ರಿ.

ನಮ್ಮ ಪುಣೆಯ ಗೇಮ್ ಒಂದನ್ನೂ ಹೇಳಬೇಕು. ರಾಜಿ. ನಾಡಿಂಗ್ ಹೆಡ್ಸ್ ಅಂತ ಇಲ್ಲಿಯದೇ ಚಿಕ್ಕ ತಂಡ. 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ದುಡ್ಡು ಎತ್ತೋಕೆ ಹೋಗಿ ಆಗಲಿಲ್ಲ, ಬಿಡದೆ 2020ರಲ್ಲಿ ಹೊರತಂದರು. ಸರ್ಕಸ್ಸಿನ ಹುಡುಗಿ ರಾಜಿ, ರಾಕ್ಷಸರು ಎತ್ತಿಕೊಂಡು ಹೋದ ತಮ್ಮ ಗೋಲುವನ್ನು ಹುಡುಕಿ ಹೊರಡುತ್ತಾಳೆ. ಕಥೆ ಹೇಳುವುದು ದುರ್ಗೆ ಮತ್ತು ವಿಷ್ಣು. ಗೊಂಬೆಯಾಟದ ದೃಶ್ಯಗಳು ಬಹಳ ಚೆನ್ನಾಗಿವೆ. ಹೊಡೆದಾಟ ಸ್ವಲ್ಪ ಸಡಿಲ, ಕೊನೆ ಧಡಕ್ಕನೆ ನಿಲ್ಲುತ್ತದೆ. ಊರಿನವರು ಅಂತ ಸುಳ್ಳು ಹೇಳಲ್ಲ. ನಾಲ್ಕೈದು ಗಂಟೆ ಅಷ್ಟೇ, ಪಿಎಸ್4ನಲ್ಲೂ ಇದೆ.

ಎರಡನೇತಲೆ (ಗೋರೆಗಾಂವ್)

ನಾನು ಇಲ್ಲಿ ಹುಟ್ಟಿದವಳು. ಕನ್ನಡ ಮಾತಾಡುತ್ತೇನೆ, ಓದುವುದು ನಿಧಾನ. ಈ ಚರ್ಚೆ ಓದೋಕೆ ಎರಡು ದಿನ ಬೇಕಾಯಿತು, ತಪ್ಪಿದ್ದರೆ ತಿದ್ದಿ.

ನನ್ನ ಸಲಹೆ ವೆಂಬಾ. 2023ರದ್ದು. ತಮಿಳುನಾಡಿನಿಂದ ಕೆನಡಾಕ್ಕೆ ಹೋದ ಅಮ್ಮ, ಅಲ್ಲೇ ಬೆಳೆಯುವ ಮಗ. ಅಮ್ಮನ ಅಡುಗೆ ಪುಸ್ತಕ ಹಾಳಾಗಿದೆ, ಕೆಲವು ಸಾಲು ಅಳಿಸಿಹೋಗಿವೆ. ಅಳಿದದ್ದನ್ನು ಊಹಿಸಿ ಇಡ್ಲಿ ಮಾಡಬೇಕು. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಪಿಎಸ್4ಗೆ ಬಂದಿಲ್ಲ, ಲ್ಯಾಪ್‌ಟಾಪಿನಲ್ಲಿ ಆಡಿ. ಮಗ ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಭಾಗ ಬಂದಾಗ ನಾನು ಸ್ವಲ್ಪ ಹೊತ್ತು ನಿಲ್ಲಿಸಿದೆ. ನಾನೂ ಅಜ್ಜಿಗೆ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದೆ. ಅವರ ಪತ್ರೊಡೆ ನಮ್ಮ ಮನೆಯಲ್ಲಿ ಈಗ ಯಾರಿಗೂ ಬರುವುದಿಲ್ಲ.

ಇನ್ನೊಂದು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿಗೆ ಹೋಗಿ, ಕನ್ನಡ ಇದೆ! ಆಡುವವರೇ ಅನುವಾದ ಮಾಡಿದ್ದು. ನನ್ನ ತಮ್ಮ ಅದನ್ನು ಹಾಕಿಕೊಂಡೇ ಅಕ್ಷರ ಕಲಿತ. ಈಗ ಬಸ್ಸಿನ ಬೋರ್ಡ್ ನೋಡಿದರೂ ಕೂಡಿಸಿ ಓದುತ್ತಾನೆ, ಊರಿಗೆ ಹೋದಾಗ.

ಬೇಲೂರವಳು

ತಪ್ಪೇನೂ ಇಲ್ಲ ಕಣಮ್ಮ. ಪತ್ರೊಡೆ ಬಗ್ಗೆ ಕುಂದಾಪುರದ ಅಣ್ಣನವರನ್ನು ಕೇಳು.

ಕರೆಕ್ಟ್‌ಚೇಂಜ್

ಕೆಸುವಿನ ಎಲೆ ಮಾಟುಂಗಾ ಮಾರ್ಕೆಟಿನಲ್ಲಿ ಸಿಗುತ್ತದೆ. ಮಸಾಲೆಗೆ ಹುಳಿ ಜಾಸ್ತಿ ಹಾಕು, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಉಳಿದದ್ದು ಖಾಸಗಿಯಾಗಿ ಬರೆಯುತ್ತೇನೆ, ಇಲ್ಲಿ ಗೇಮ್ ನಡೆಯಲಿ.

ನಾಲ್ಕನೇಸೀಟು

ಲಾಸ್ಟ್ ಲೆಗಸಿ ಮುಗಿದ ಮೇಲೆ ಹಿಟ್‌ಮ್ಯಾನ್ 2 ನೋಡಿ, 2018ರದ್ದು. ಅದರಲ್ಲಿ ಒಂದು ಹಂತ ಪೂರ್ತಿ ಮುಂಬೈ. ಚಾಳು, ಬಟ್ಟೆ ಒಗೆಯುವ ಜಾಗ, ಸಿನಿಮಾ ಶೂಟಿಂಗ್, ರೈಲು ಯಾರ್ಡ್. ಮೂವರನ್ನು ಹುಡುಕಬೇಕು, ಅದರಲ್ಲಿ ಒಬ್ಬನ ಮುಖ ಯಾರಿಗೂ ಗೊತ್ತಿಲ್ಲ. ಅದೇ ಗಲ್ಲಿಯನ್ನು ಎಷ್ಟು ಸಲ ಬೇಕಾದರೂ ಬೇರೆ ಬೇರೆ ವೇಷದಲ್ಲಿ ಸುತ್ತಬಹುದು, ಬೇಕಾದಲ್ಲಿ ಸೇವ್ ಮಾಡಬಹುದು. ಕುಕ್ಕರ್ ಪರೀಕ್ಷೆಯಲ್ಲಿ ಪಾಸ್. ಯಾರ್ಡ್ ಇದ್ದೂ ಲೋಕಲ್ ಹತ್ತೋಕೆ ಆಗಲ್ಲ, ಅದೊಂದು ಬೇಜಾರು.

ಸ್ಲೋಲೋಕಲ್, ಭಾನುವಾರ ರಾತ್ರಿ 12:20

ಎಲ್ಲರಿಗೂ ಥ್ಯಾಂಕ್ಸ್. ವರದಿ ಕೊಡುತ್ತೇನೆ.

ವಿಚರ್ ಡಿಸ್ಕ್ ವಾಪಸ್ ಕೊಟ್ಟೆ. ಬಾಣಲೆ ಸಿಕ್ಕಿತಾ ಇಲ್ಲವಾ ಅಂತ ಗೊತ್ತಿಲ್ಲ. ಬಲಾಟ್ರೊದಲ್ಲಿ ಇನ್ನೂ ಗೆದ್ದಿಲ್ಲ, ಆದರೆ ಬುಧವಾರ ಡೊಂಬಿವ್ಲಿ ದಾಟಿ ಕಲ್ಯಾಣಕ್ಕೆ ಹೋಗಿ ಇಳಿದೆ. ನಾಲ್ಕನೇಸೀಟು, ಇದು ನಿಮ್ಮ ಲೆಕ್ಕಕ್ಕೆ. ಕಂಟ್ರೋಲರಿಗೆ ಆಲ್ಕೊಹಾಲ್ ಹಾಕಿದೆ, ಕ್ಲೋಯಿ ಈಗ ನಿಂತಲ್ಲಿ ನಿಲ್ಲುತ್ತಾಳೆ.

ಶುಕ್ರವಾರ ಒಂದು ಕಥೆ ಆಯಿತು. ಹತ್ತೂವರೆಗೆ ಶುರು ಮಾಡಿದ್ದೆ. ಅಪ್ಪ ಮಲಗೋಕೆ ಹೋಗುತ್ತಾ ನೀರಿನ ತಂಬಿಗೆ ಹಿಡಿದು ಹಾಲ್‌ನಲ್ಲಿ ನಿಂತರು. ‘ಇದು ಯಾವ ಊರು?’ ಅಂದರು. ಹಳೇಬೀಡಿನ ಕಡೆ ಅಂದೆ. ನಕ್ಕರು. ‘ಎಂತ ಹಳೇಬೀಡು? ನಾನು ಏಳನೇ ಕ್ಲಾಸಿನಲ್ಲಿ ಟ್ರಿಪ್ ಹೋಗಿದ್ದೇನೆ. ದೇವಸ್ಥಾನದ ಎದುರು ಎರಡು ದೊಡ್ಡ ನಂದಿ ಉಂಟು. ಎಲ್ಲಿ ತೋರಿಸು.’ ನಂದಿ ಹುಡುಕುತ್ತಾ ಜೀಪ್ ಓಡಿಸಿದೆ. ಕೆಸರಿನಲ್ಲಿ ಸಿಕ್ಕಿಬಿದ್ದೆ. ‘ಗೇರ್ ಹಾಕು, ಗೇರ್ ಹಾಕು’ ಅಂತ ಅವರು. ಗೇರ್ ಇಲ್ಲ ಅಪ್ಪ ಅಂದರೆ ನಂಬಲಿಲ್ಲ.

ನಿನ್ನೆ ಹತ್ತು ಗಂಟೆಗೆ ನ್ಯೂಸ್ ಅವರೇ ಬಂದ್ ಮಾಡಿ ‘ಆ ಹುಡುಗಿಯರು ಎಲ್ಲಿಗೆ ಮುಟ್ಟಿದರು?’ ಅಂತ ಕೇಳಿದರು. ಆನೆಯನ್ನು ಕಲ್ಲಿನಡಿಯಿಂದ ಬಿಡಿಸುವ ಜಾಗ ಬಂತು. ಆಮೇಲೆ ಅದರ ಮೇಲೆ ಕೂತು ಹೋಗುತ್ತಾರಲ್ಲ, ಅಲ್ಲಿ ನನ್ನ ಕೈಯಿಂದ ಕಂಟ್ರೋಲರ್ ತಗೊಂಡರು. ಒಂದೇ ಕಡ್ಡಿ ಮುಂದಕ್ಕೆ ಒತ್ತಿ ಹಿಡಿಯಬೇಕಷ್ಟೇ. ಎರಡೂ ಕೈಯಲ್ಲಿ ಹಿಡಿದು, ಸ್ಟೂಲಿನ ತುದಿಯಲ್ಲಿ ಕೂತು, ಒಂದು ಮಾತೂ ಆಡದೆ ಆನೆ ನಡೆಸಿದರು. ಮಗಳು ಎದ್ದು ಬಂದು ಪಕ್ಕ ಕೂತಳು. ಹನ್ನೊಂದೂವರೆಗೆ ಸಿಟ್ಟಾಗಬೇಕಾದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಫೋಟೋ ತೆಗೆದಳು.

ಈಗ ತೊಂದರೆ ಏನೆಂದರೆ, ನಾನು ಆನೆಯ ಮೊದಲೇ ಆ ಬಯಲನ್ನು ದಾಟಿಬಿಟ್ಟೆ, ಟೋಕನ್ ಏಳೇ ಸಿಕ್ಕಿದ್ದವು. ಅಪ್ಪನಿಗೆ ಲೆಕ್ಕ ತಾಳೆಯಾಗದೆ ನಿದ್ದೆ ಬರುತ್ತಿಲ್ಲ. ‘ನಾಲ್ಕು ಕಡಿಮೆ ಬಿದ್ದಿದೆ, ಹಿಂದೆ ಹೋಗು’ ಅಂತ ಹಠ. ನಾಲ್ಕನೇ ಅಧ್ಯಾಯವನ್ನು ಮತ್ತೆ ತೆರೆದರೆ ಮೊದಲಿನ ಏಳು ಉಳಿಯುತ್ತವಾ, ಸೊನ್ನೆಯಿಂದ ಶುರುವಾ? ಬೇಲೂರವಳು, ನೀವು ಎದ್ದಿದ್ದರೆ ಹೇಳಿ. ಇಲ್ಲೇ ಪಕ್ಕದಲ್ಲಿ ಕೂತಿದ್ದಾರೆ.